ಪರಿಶೋಧಕನ ರುಜು: ಆರ್ಥರ್ ಆಂಡರ್ಸನ್

ಕರಣಿಕ ವೃತ್ತಿಯಿಂದ ಮೊದಲುಗೊಂಡು ಭಂಡಾರಿಯ ಪದವಿಗೇರಿದ ಬಸವಣ್ಣನವರ ಚರಿತೆಯನ್ನು ಕೇಳಿ ಬೆಳೆದವರಿಗೆ ಲೆಕ್ಕದ ಶುದ್ಧಿಯೂ ನಡೆಯ ಶುದ್ಧಿಯೂ ಬೇರೆ ಬೇರೆಯಲ್ಲವೆಂಬುದನ್ನು ಹೊಸದಾಗಿ ತಿಳಿಸಬೇಕಾಗಿಲ್ಲ. ಆದರೆ ಭಂಡಾರವು ಒಬ್ಬ ಅರಸನದಾಗಿರದೆ, ಒಬ್ಬರನ್ನೊಬ್ಬರು ಕಂಡರಿಯದ ಸಾವಿರಾರು ಷೇರುದಾರರದಾಗಿರುವ ಕಾಲದಲ್ಲಿ ಆ ಶುದ್ಧಿಯನ್ನು ಕಾಯಬೇಕಾದವರು ಯಾರು? ಆಧುನಿಕ ವಾಣಿಜ್ಯ ಪ್ರಪಂಚವು ಈ ಹೊಣೆಯನ್ನು ಲೆಕ್ಕ ಪರಿಶೋಧಕನಿಗೆ ವಹಿಸಿದೆ. ವಹಿಸಿದ ರೀತಿಯಲ್ಲಿಯೇ ಒಂದು ತೊಡಕೂ ಅಡಗಿದೆ. ಕಂಪನಿಯ ಲೆಕ್ಕಪತ್ರಗಳನ್ನು ಪರೀಕ್ಷಿಸುವವನಿಗೆ ಸಂಭಾವನೆ ಸಲ್ಲುವುದು ಆ ಕಂಪನಿಯಿಂದಲೇ. ಅವನ ರುಜುವನ್ನು ನಂಬಿ ಹಣ ಹೂಡುವವರು ಬೇರೆಯವರು. ಸಂಭಾವನೆ ಕೊಡುವವರ ಮರ್ಜಿ ಒಂದು ಕಡೆ, ಕಾಣದ ಜನರ ವಿಶ್ವಾಸ ಇನ್ನೊಂದು ಕಡೆ. ಈ ಇಕ್ಕಟ್ಟಿನಲ್ಲಿ ಪರಿಶೋಧಕನು ಹೇಗೆ ನಡೆಯಬೇಕೆಂಬುದಕ್ಕೆ ಅಮೆರಿಕದ ಆರ್ಥರ್ ಎಡ್ವರ್ಡ್ ಆಂಡರ್ಸನ್ ಅವರ ಬಾಳು ಒಂದು ನಿದರ್ಶನ. ಹೇಗೆ ನಡೆಯಬಾರದೆಂಬುದಕ್ಕೆ ಅವರ ನಿಧನಾನಂತರ ಅವರ ಹೆಸರಿನ ಸಂಸ್ಥೆಗೆ ಒದಗಿದ ಗತಿ ಇನ್ನೊಂದು ನಿದರ್ಶನ.

ಆಂಡರ್ಸನ್ ಅವರು 1885ರ ಮೇ 30ರಂದು ಇಲಿನಾಯ್ ರಾಜ್ಯದ ಪ್ಲೇನೋ ಎಂಬ ಊರಿನಲ್ಲಿ ಜನಿಸಿದರು. ತಂದೆತಾಯಿಗಳು ನಾರ್ವೇ ದೇಶದಿಂದ ವಲಸೆ ಬಂದವರು. ಆಸ್ತಿಯಿರಲಿಲ್ಲ, ಬಡತನವಿತ್ತು. ಹದಿನಾರರ ಹರೆಯ ತುಂಬುವಷ್ಟರಲ್ಲಿ ಇಬ್ಬರನ್ನೂ ಕಳೆದುಕೊಂಡ ಬಾಲಕನು ಷಿಕಾಗೊ ನಗರದ ಯಂತ್ರ ತಯಾರಿಕಾ ಕಂಪನಿಯೊಂದರಲ್ಲಿ ಟಪಾಲು ಹಂಚುವ ಹುಡುಗನಾಗಿ ಸೇರಿದನು. ಹಗಲು ದುಡಿಮೆ, ಇರುಳು ವ್ಯಾಸಂಗ. ನೇರವಾಗಿ ಯೋಚಿಸಬೇಕು, ಯೋಚಿಸಿದ್ದನ್ನು ನೇರವಾಗಿಯೇ ನುಡಿಯಬೇಕೆಂದು ತಾಯಿ ನಾರ್ವೇಜಿಯನ್ ಭಾಷೆಯಲ್ಲಿ ಹೇಳಿಕೊಟ್ಟಿದ್ದ ನೀತಿಯೊಂದೇ ಅವರ ಪಾಲಿಗೆ ಬಂದ ಪಿತ್ರಾರ್ಜಿತ. ಮುಂದೆ ಅದೇ ಅವರ ಸಂಸ್ಥೆಯ ಧ್ಯೇಯವಾಕ್ಯವಾಯಿತು.

ಟಪಾಲು ಹಂಚುತ್ತಿದ್ದ ಕೈ ಕ್ರಮೇಣ ಅದೇ ಕಂಪನಿಯ ಲೆಕ್ಕದ ಪುಸ್ತಕಗಳನ್ನು ಹಿಡಿಯಿತು. 1907ರಲ್ಲಿ ಅವರು ಪ್ರೈಸ್ ವಾಟರ್‌ಹೌಸ್ ಎಂಬ ಪ್ರಸಿದ್ಧ ಪರಿಶೋಧನಾ ಸಂಸ್ಥೆಯ ಷಿಕಾಗೊ ಕಚೇರಿಯನ್ನು ಸೇರಿದರು. 1908ರಲ್ಲಿ, ಇಪ್ಪತ್ತಮೂರನೆಯ ವಯಸ್ಸಿನಲ್ಲಿ, ಇಲಿನಾಯ್ ರಾಜ್ಯದ ಅತ್ಯಂತ ಕಿರಿಯ ಪ್ರಮಾಣಿತ ಲೆಕ್ಕಿಗರೆನಿಸಿದರು. ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ಬೋಧನೆಯನ್ನು ಕೈಗೊಂಡು, ಕೆಲವೇ ವರ್ಷಗಳಲ್ಲಿ ಅಲ್ಲಿನ ಲೆಕ್ಕಶಾಸ್ತ್ರ ವಿಭಾಗದ ಮುಖ್ಯಸ್ಥರಾದರು. ಜಮೆ ಖರ್ಚುಗಳನ್ನು ತಾಳೆ ನೋಡುವುದಷ್ಟೇ ಲೆಕ್ಕಿಗನ ಕೆಲಸವೆಂದು ಅವರು ಬಗೆಯಲಿಲ್ಲ. ಅಂಕಿಗಳ ಹಿಂದಿರುವ ವ್ಯವಹಾರವನ್ನು ಅರಿಯದವನಿಗೆ ಅಂಕಿಗಳ ಅರ್ಥವೂ ಆಗದೆಂಬುದು ಅವರ ಬೋಧನೆಯ ಸಾರ.

1913ರಲ್ಲಿ ಅವರು ಕ್ಲಾರೆನ್ಸ್ ಡಿಲೇನಿ ಎಂಬುವರೊಡಗೂಡಿ ಷಿಕಾಗೊದಲ್ಲಿ ತಮ್ಮದೇ ಆದ ಪರಿಶೋಧನಾ ಸಂಸ್ಥೆಯನ್ನು ತೆರೆದರು. ಅವರಿಗೆ ಆಗ ಇಪ್ಪತ್ತೆಂಟು ವರ್ಷ. ಸಂಸ್ಥೆ ಎಳೆಯದು, ಕಕ್ಷಿದಾರರು ವಿರಳ. ಒಂದೆರಡು ವರ್ಷ ಕಳೆಯುವಷ್ಟರಲ್ಲಿ ಅವರ ಬಾಳಿನ ಮೊದಲ ದೊಡ್ಡ ಪರೀಕ್ಷೆ ಎದುರಾಯಿತು.

ನಗರದಿಂದ ನಗರಕ್ಕೆ ಸಂಚರಿಸುವ ರೈಲು ಕಂಪನಿಯೊಂದು ಅವರ ಕಕ್ಷಿದಾರನಾಗಿತ್ತು. ಆ ಕಂಪನಿಯು ಚಾಲ್ತಿ ವರ್ಷದ ವೆಚ್ಚದಲ್ಲಿ ಸೇರಬೇಕಾಗಿದ್ದ ದೊಡ್ಡ ಮೊತ್ತಗಳನ್ನು ಮುಂದಿನ ವರ್ಷಗಳಿಗೆ ತಳ್ಳಿ, ಲಾಭವನ್ನು ಹಿಗ್ಗಿಸಿ ತೋರಿಸಿತ್ತು. ಇದರಲ್ಲಿ ಕಿರ್ದಿಯ ಒಂದು ನಮೂದೂ ಸುಳ್ಳಾಗಿರಬೇಕಾಗಿಲ್ಲವೆಂಬುದನ್ನು ಗಮನಿಸಬೇಕು. ಖರ್ಚು ಆಗಿದೆ, ರಸೀತಿ ಇದೆ, ಮೊತ್ತವೂ ಸರಿಯಾಗಿದೆ. ಆದರೆ ಈ ವರ್ಷವೇ ಕಳೆಯಬೇಕಾದ ಖರ್ಚನ್ನು ಮುಂದೆ ಪ್ರಯೋಜನ ಕೊಡುವ ಆಸ್ತಿಯೆಂಬಂತೆ ಅಢಾವೆ ಪತ್ರಿಕೆಯಲ್ಲಿ ಕೂರಿಸಿದರೆ ಬಡವಾದ ಕಂಪನಿಯೂ ಸಿರಿವಂತವಾಗಿ ಕಾಣುತ್ತದೆ. ಇದನ್ನು ಓದಿ ಸಾಲ ಕೊಡುವವನು ಇಲ್ಲದ ಲಾಭಕ್ಕೆ ಹಣ ಕೊಟ್ಟಂತಾಗುತ್ತದೆ.

ಲೆಕ್ಕವನ್ನು ಇದ್ದಂತೆಯೇ ಒಪ್ಪಿ ರುಜು ಹಾಕಬೇಕೆಂದು ಕಂಪನಿಯ ಅಧ್ಯಕ್ಷರು ಆಂಡರ್ಸನ್ ಅವರನ್ನು ಒತ್ತಾಯಿಸಿದರು. ಒಪ್ಪಿದರೆ ಕಕ್ಷಿದಾರ ಉಳಿಯುತ್ತಾನೆ, ನೌಕರರ ಸಂಬಳ ಸಾಗುತ್ತದೆ. ಒಪ್ಪದಿದ್ದರೆ ಆದಾಯ ಹೋಗುತ್ತದೆ. ಹೊಸ ಸಂಸ್ಥೆ ಕಠಿಣವಾದುದೆಂಬ ಸುದ್ದಿಯೂ ಹಬ್ಬುತ್ತದೆ. ಪಕ್ಕಕ್ಕೆ ಸರಿದು ನಿಲ್ಲಲು ನೆಪಗಳಿಗೇನೂ ಕೊರತೆಯಿರಲಿಲ್ಲ: ಇದು ಅಭಿಪ್ರಾಯಭೇದದ ವಿಷಯ, ಒಂದು ವರ್ಷ ನೋಡೋಣ, ಬೇರೆಯವರೂ ಹೀಗೆಯೇ ಮಾಡುತ್ತಾರೆ. ಆಂಡರ್ಸನ್ ಅವರು ಇವುಗಳಲ್ಲಿ ಯಾವ ನೆಪವನ್ನೂ ಆಶ್ರಯಿಸಲಿಲ್ಲ. ಷಿಕಾಗೊ ನಗರದ ಹಣವನ್ನೆಲ್ಲ ತಂದು ಸುರಿದರೂ ಆ ವರದಿಯನ್ನು ಬದಲಿಸುವುದಿಲ್ಲವೆಂದು ತಿಳಿಸಿಬಿಟ್ಟರು. ಕಕ್ಷಿದಾರ ಕೈಬಿಟ್ಟುಹೋದನು. ಕೆಲವು ತಿಂಗಳು ಕಳೆಯುವಷ್ಟರಲ್ಲಿ ಆ ರೈಲು ಕಂಪನಿ ದಿವಾಳಿಯೆದ್ದಿತು. ನಿರಾಕರಿಸಿದ ದಿನ ಈ ಸಮರ್ಥನೆ ಅವರ ಬಳಿ ಇರಲಿಲ್ಲ; ಕೈಯಲ್ಲಿದ್ದದ್ದು ಲೆಕ್ಕದ ಪುಸ್ತಕ ಮತ್ತು ತಮ್ಮ ತಿಳುವಳಿಕೆ ಎರಡೇ. ಆ ನಿರ್ಧಾರದ ಹಿರಿಮೆ ಇರುವುದೂ ಅಲ್ಲಿಯೇ.

ಎರಡನೆಯ ಪರೀಕ್ಷೆ ಇನ್ನೂ ಸೂಕ್ಷ್ಮವಾದುದು. ಸರೋವರದಲ್ಲಿ ಸರಕು ಸಾಗಿಸುವ ಹಡಗು ಕಂಪನಿಯೊಂದರ 1914ನೆಯ ಸಾಲಿನ ಲೆಕ್ಕವು ಡಿಸೆಂಬರ್ 31ಕ್ಕೆ ಮುಕ್ತಾಯವಾಗಿತ್ತು. ಅನಂತರ, 1915ರ ಫೆಬ್ರವರಿಯಲ್ಲಿ, ಅದರ ಹಡಗೊಂದು ಬಿರುಗಾಳಿಗೆ ಸಿಕ್ಕಿ ಮುಳುಗಿತು. ಕಂಪನಿಯು ಸಾಲಪತ್ರಗಳನ್ನು ಹೊರಡಿಸಿ ಸಾರ್ವಜನಿಕರಿಂದ ಹಣ ಎತ್ತಲು ಸಿದ್ಧವಾಗಿತ್ತು. ಡಿಸೆಂಬರ್ 31ರಂದು ಹಡಗು ನೀರಿನ ಮೇಲೆಯೇ ಇತ್ತಾದ್ದರಿಂದ ಆ ದಿನದ ಅಢಾವೆ ಪತ್ರಿಕೆಯಲ್ಲಿ ಅದನ್ನು ಆಸ್ತಿಯೆಂದು ತೋರಿಸಿದರೆ ಅಕ್ಷರಶಃ ತಪ್ಪೇನೂ ಇರಲಿಲ್ಲ. ವರ್ಷಾಂತ್ಯದ ನಂತರ ನಡೆದುದನ್ನು ಪ್ರಕಟಿಸಬೇಕೆಂಬ ನಿಯಮವೂ ಅಂದು ರೂಢಿಯಲ್ಲಿರಲಿಲ್ಲ. ಆದರೂ ಹಡಗು ಮುಳುಗಿದ ಸಂಗತಿಯನ್ನು ತಿಳಿಸಿದ ಹೊರತು ತಾವು ರುಜು ಹಾಕುವುದಿಲ್ಲವೆಂದು ಆಂಡರ್ಸನ್ ಅವರು ಪಟ್ಟುಹಿಡಿದರು. ಮುಳುಗಿದ ಹಡಗನ್ನು ತೇಲುತ್ತಿದೆಯೆಂದು ನಂಬಿ ಹಣ ಕೊಡಲಿರುವವನಿಗೆ ತಾರೀಖಿನ ನೆಪ ಹೇಳುವುದು ಅವರಿಗೆ ಸತ್ಯವಾಗಿ ತೋರಲಿಲ್ಲ. ವರ್ಷಾಂತ್ಯದ ನಂತರದ ಮಹತ್ವದ ಘಟನೆಗಳನ್ನು ಲೆಕ್ಕಪತ್ರದೊಡನೆ ತಿಳಿಸುವುದು ಮುಂದೆ ಈ ವೃತ್ತಿಯ ನಿಯಮವೇ ಆಯಿತು. ನಿಯಮ ಹುಟ್ಟುವ ಮೊದಲೇ ಧರ್ಮವನ್ನು ಗುರುತಿಸಿದವರಲ್ಲಿ ಆಂಡರ್ಸನ್ ಅವರೂ ಒಬ್ಬರು.

ಡಿಲೇನಿಯವರು ಹೊರನಡೆದ ಮೇಲೆ, 1918ರಲ್ಲಿ, ಸಂಸ್ಥೆಗೆ ಆರ್ಥರ್ ಆಂಡರ್ಸನ್ ಅಂಡ್ ಕಂಪನಿಯೆಂದು ಹೆಸರಾಯಿತು. ಕಠಿಣವಾದುದೆಂಬ ಸುದ್ದಿಯೇ ಅದಕ್ಕೆ ಬಂಡವಾಳವಾಯಿತು. 1932ರಲ್ಲಿ ಸ್ಯಾಮ್ಯುಯೆಲ್ ಇನ್ಸಲ್ ಎಂಬ ಉದ್ಯಮಪತಿಯ ವಿದ್ಯುತ್ ಸಾಮ್ರಾಜ್ಯವು ಕುಸಿದು ಅಸಂಖ್ಯ ಸಣ್ಣ ಹೂಡಿಕೆದಾರರು ಹಣ ಕಳೆದುಕೊಂಡಾಗ, ಆ ಕಂಪನಿಗಳ ಹಣಕಾಸಿನ ಮೇಲೆ ಕಣ್ಣಿಡಲು ಬ್ಯಾಂಕುಗಳು ಆರಿಸಿಕೊಂಡದ್ದು ಆಂಡರ್ಸನ್ ಅವರನ್ನು. ತಮ್ಮಲ್ಲಿ ಸೇರುವ ತರುಣರಿಗೆ ಸಂಸ್ಥೆಯೊಳಗೇ ಶಿಕ್ಷಣ ನೀಡುವ ಪದ್ಧತಿಯನ್ನು ಅವರು ಬೆಳೆಸಿದರು. ಅಧ್ಯಾಪಕ ಪೀಠದಿಂದ ಇಳಿದರೂ ಅವರೊಳಗಿನ ಅಧ್ಯಾಪಕ ಇಳಿದಿರಲಿಲ್ಲ.

ಅವರ ಬಾಳನ್ನು ಕೇವಲ ಸ್ತುತಿಯಾಗಿ ಮುಗಿಸುವುದು ಮಾತ್ರ ಸತ್ಯಕ್ಕೆ ಅಪಚಾರವಾದೀತು. ವ್ಯವಹಾರದ ಒಳಹೊರಗನ್ನು ಅರಿಯಬೇಕೆಂಬ ಅವರ ತತ್ತ್ವದಿಂದಲೇ ಕಕ್ಷಿದಾರರಿಗೆ ವ್ಯವಹಾರದ ಸಲಹೆ ನೀಡುವ ಶಾಖೆಯೂ ಚಿಗುರಿತು. ಅವರ ಕೈಯಲ್ಲಿ ಅದು ಪರಿಶೋಧನೆಗೆ ಊರುಗೋಲಾಗಿತ್ತು. ಆದರೆ ಸಲಹೆ ಕೊಟ್ಟು ಸಂಭಾವನೆ ಪಡೆಯುವವನೇ ತನ್ನ ಸಲಹೆಯ ಫಲವನ್ನೂ ಪರೀಕ್ಷಿಸಿ ರುಜು ಹಾಕುವ ಸಂದರ್ಭ ಬಂದರೆ ಏನಾದೀತೆಂಬ ಪ್ರಶ್ನೆ ಆ ಬೀಜದೊಳಗೇ ಇತ್ತು.

1947ರ ಜನವರಿ 10ರಂದು ಆಂಡರ್ಸನ್ ಅವರು ದಿವಂಗತರಾದರು. ಆಗ ಅವರಿಗೆ ಅರವತ್ತೊಂದು ವರ್ಷ. ಅವರ ನಂತರ ಮುಖ್ಯಸ್ಥರಾದ ಲಿಯೊನಾರ್ಡ್ ಸ್ಪೇಸೆಕ್ ಅವರೂ ಅದೇ ನಿಷ್ಠೆಗೆ ಹೆಸರಾದರು. ಸಂಸ್ಥೆ ದೇಶವಿದೇಶಗಳಿಗೆ ಹಬ್ಬಿ, ಸಿಬ್ಬಂದಿಯ ಸಂಖ್ಯೆ ಸುಮಾರು 85,000ಕ್ಕೇರಿತು. ಬೀಜದೊಳಗಿದ್ದ ಪ್ರಶ್ನೆಯೂ ಜೊತೆಯಲ್ಲಿಯೇ ಬೆಳೆಯಿತು. ಹ್ಯೂಸ್ಟನ್ ನಗರದ ಎನ್ರಾನ್ ಕಂಪನಿಯಿಂದ 2000ದಲ್ಲಿ ಸಂಸ್ಥೆಗೆ ಬಂದ ಸಂಭಾವನೆ ಪರಿಶೋಧನೆಗೆ 2.5 ಕೋಟಿ ಡಾಲರ್, ಇತರ ಸೇವೆಗಳಿಗೆ 2.7 ಕೋಟಿ ಡಾಲರ್. ಸಾಲವನ್ನು ಅಢಾವೆ ಪತ್ರಿಕೆಯ ಹೊರಗೆ ಬಚ್ಚಿಟ್ಟು ಲಾಭವನ್ನು ಹಿಗ್ಗಿಸಿದ ಆ ಕಂಪನಿಯ ಲೆಕ್ಕಗಳಿಗೆ ಆಂಡರ್ಸನ್ ಅವರ ಹೆಸರಿನಲ್ಲಿ ರುಜು ಬಿದ್ದಿತ್ತು. 2001ರ ಡಿಸೆಂಬರ್ 2ರಂದು ಎನ್ರಾನ್ ದಿವಾಳಿತನಕ್ಕೆ ಅರ್ಜಿ ಸಲ್ಲಿಸಿತು. ಅದಕ್ಕೆ ಮುಂಚಿನ ವಾರಗಳಲ್ಲಿ ಸಂಬಂಧಿಸಿದ ಕಾಗದಪತ್ರಗಳನ್ನು ಪರಿಶೋಧಕರು ನಾಶಪಡಿಸಿದ್ದರು. ಈ ಕಾರಣಕ್ಕಾಗಿ 2002ರ ಜೂನ್‌ನಲ್ಲಿ ಸಂಸ್ಥೆ ಅಪರಾಧಿಯೆಂದು ತೀರ್ಮಾನವಾಯಿತು. ಆಗಸ್ಟ್ 31ಕ್ಕೆ ಅಮೆರಿಕದ ಸಾರ್ವಜನಿಕ ಕಂಪನಿಗಳ ಪರಿಶೋಧನೆಯನ್ನು ಅದು ನಿಲ್ಲಿಸಿತು. ತೀರ್ಪುಗಾರರಿಗೆ ನೀಡಿದ್ದ ಕಾನೂನಿನ ವಿವರಣೆ ದೋಷಯುಕ್ತವಾಗಿತ್ತೆಂದು 2005ರ ಮೇ 31ರಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಒಮ್ಮತದಿಂದ ಆ ತೀರ್ಮಾನವನ್ನು ರದ್ದುಗೊಳಿಸಿತಾದರೂ ಚದುರಿಹೋದ ಸಂಸ್ಥೆ ಮರಳಿ ಕೂಡಲಿಲ್ಲ. ಎನ್ರಾನ್ ಲೆಕ್ಕವನ್ನು ಕಣ್ಣಿನಿಂದಲೂ ಕಾಣದ ಸಾವಿರಾರು ನೌಕರರು ಜೀವನೋಪಾಯ ಕಳೆದುಕೊಂಡರು. ತಾನು ಪರಿಶೋಧಿಸುವ ಕಂಪನಿಗೆ ಪರಿಶೋಧಕನು ಸಲಹಾ ಸೇವೆಗಳನ್ನು ಮಾರುವುದಕ್ಕೆ 2002ರ ಜುಲೈನಲ್ಲಿ ಬಂದ ಸಾರ್ಬೇನ್ಸ್ ಆಕ್ಸ್‌ಲಿ ಕಾಯಿದೆ ಕಟ್ಟುನಿಟ್ಟಾದ ಮಿತಿ ಹಾಕಿತು.

ಎಳೆಯ ಸಂಸ್ಥೆಯ ಒಡೆಯನಾಗಿ ಒಬ್ಬ ಕಕ್ಷಿದಾರನನ್ನು ಕಳೆದುಕೊಳ್ಳಲು ಆಂಡರ್ಸನ್ ಅವರು ಹಿಂಜರಿಯಲಿಲ್ಲ. ಅದರಿಂದ ಸಂಸ್ಥೆ ಉಳಿಯಿತು. ಸಮೃದ್ಧಿಯ ಶಿಖರದಲ್ಲಿ ಒಬ್ಬ ಕಕ್ಷಿದಾರನನ್ನು ಕಳೆದುಕೊಳ್ಳಲು ಉತ್ತರಾಧಿಕಾರಿಗಳು ಹಿಂಜರಿದರು. ಅದರಿಂದ ಸಂಸ್ಥೆಯೇ ಹೋಯಿತು. ಪೂರ್ವಿಕರು ಗಳಿಸಿದ ಹೆಸರು ಆಸ್ತಿಯಂತೆ ತಾನಾಗಿ ಕೈಸೇರುವುದಿಲ್ಲ. ಕಾಯಕದ ಶುದ್ಧಿಯನ್ನು ಪ್ರತಿ ತಲೆಮಾರೂ, ಪ್ರತಿ ರುಜುವಿನಲ್ಲೂ, ತಾನೇ ಹೊಸದಾಗಿ ಗಳಿಸಬೇಕಾಗುತ್ತದೆ. ಅಂಗಡಿಯ ಖಾತೆವಹಿಯಾಗಲಿ, ಸಹಕಾರ ಸಂಘದ ಜಮಾಖರ್ಚಾಗಲಿ, ವಿದ್ಯಾಸಂಸ್ಥೆಗೆ ಬಂದ ಕಾಣಿಕೆಯ ಲೆಕ್ಕವಾಗಲಿ, ಬರೆಯುವವನೂ ಪರೀಕ್ಷಿಸುವವನೂ ಕಾಣದವರ ವಿಶ್ವಾಸವನ್ನು ಹೊತ್ತವರೇ ಆಗಿರುತ್ತಾರೆ. ಆ ಭಾರವನ್ನು ಅರಿತು ಲೇಖನಿ ಹಿಡಿಯುವವರಿಗೆ ಆರ್ಥರ್ ಆಂಡರ್ಸನ್ ಅವರ ಬಾಳು ದಾರಿದೀಪವಾಗಬಲ್ಲುದು. ಅವರ ಸಂಸ್ಥೆಯ ಅಂತ್ಯ ಎಚ್ಚರಿಕೆಯ ಗಂಟೆಯಾಗಬಲ್ಲುದು.