ತಾಳೆಗರಿಗಳಿಗೆ ಮರುಜೀವವಿತ್ತ ಮಹಾಮಹೋಪಾಧ್ಯಾಯರು

ಚೆನ್ನೈ ನಗರದಲ್ಲಿ ನೆಲೆಸಿರುವ ನಮ್ಮ ಬಂಧುಗಳಲ್ಲಿ ಅನೇಕರು ಮೆರೀನಾ ಕಡಲ ದಂಡೆಯಲ್ಲಿ ಸಂಚರಿಸುವಾಗ, ಪ್ರೆಸಿಡೆನ್ಸಿ ಕಾಲೇಜಿನ ಆವರಣದಲ್ಲಿ ವೃದ್ಧ ಪಂಡಿತರೊಬ್ಬರ ಪ್ರತಿಮೆಯನ್ನು ಕಂಡಿರಬಹುದು. ತಮಿಳರು ತಮ್ಮ ನುಡಿಯ ತಾತನೆಂದೇ ಪ್ರೀತಿಯಿಂದ ಸ್ಮರಿಸುವ ಉ.ವೇ. ಸ್ವಾಮಿನಾಥ ಅಯ್ಯರ್ ಅವರೇ ಈ ಮಹನೀಯರು. ಅಳಿವಿನ ಅಂಚಿಗೆ ಬಂದಿದ್ದ ಪ್ರಾಚೀನ ವಾಙ್ಮಯವೊಂದು ಇವರ ಪರಿಶ್ರಮದಿಂದ ಮತ್ತೆ ಬೆಳಕಿಗೆ ಬಂದಿತು. ಅನ್ಯಭಾಷೆಯ ವಿದ್ವಾಂಸರ ಚರಿತ್ರೆ ನಮಗೇಕೆ ಎಂದು ಯಾರೂ ಭಾವಿಸಬಾರದು. ಪರಂಪರೆಯ ಕ್ಷಯ ಹೇಗೆ ಆರಂಭವಾಗುತ್ತದೆ, ಅದರ ಉದ್ಧಾರ ಎಲ್ಲಿಂದ ಮೊದಲಾಗುತ್ತದೆ ಎಂಬುದನ್ನು ಈ ಜೀವನವು ಚೆನ್ನಾಗಿ ತಿಳಿಸಿಕೊಡುತ್ತದೆ.

ಶ್ರೀ ವಿಜಯೀಂದ್ರತೀರ್ಥರ ಮೂಲವೃಂದಾವನದಿಂದ ನಮಗೆಲ್ಲ ಪರಿಚಿತವಾದ ಕುಂಭಕೋಣದ ಸಮೀಪದ ಉತ್ತಮದಾನಪುರವೆಂಬ ಗ್ರಾಮದ ಕುಟುಂಬವೊಂದರಲ್ಲಿ, 1855ರ ಫೆಬ್ರವರಿ 19ರಂದು ಅಯ್ಯರ್ ಅವರ ಜನನವಾಯಿತು. ತಂದೆ ವೆಂಕಟಸುಬ್ಬಯ್ಯರ್ ಸಂಗೀತಜ್ಞರು, ಮನೆಯಲ್ಲಿ ಬಡತನ. ಬಾಲಕನಿಗಾದರೋ ತಮಿಳಿನ ವ್ಯಾಸಂಗದಲ್ಲೇ ಅಭಿರುಚಿ. 1871ರಲ್ಲಿ ಮಾಯವರಕ್ಕೆ ತೆರಳಿ, ಆ ಕಾಲದ ಶ್ರೇಷ್ಠ ವಿದ್ವಾಂಸರಾದ ಮೀನಾಕ್ಷಿಸುಂದರಂ ಪಿಳ್ಳೆಯವರ ಶಿಷ್ಯರಾದರು. ಪಿಳ್ಳೆಯವರು ತಿರುವಾವಡುದುರೈ ಶೈವ ಮಠದ ಆಸ್ಥಾನ ವಿದ್ವಾಂಸರಾಗಿದ್ದರು. 1876ರಲ್ಲಿ ಗುರುಗಳು ಕಾಲವಾಗುವವರೆಗೂ ಶಿಷ್ಯರು ಅವರ ಸನ್ನಿಧಿಯಲ್ಲೇ ಇದ್ದು ಪುರಾಣಗಳು, ಸ್ತೋತ್ರಗಳು, ಪ್ರಬಂಧಗಳು ಮೊದಲಾದ ಅಸಂಖ್ಯ ಗ್ರಂಥಗಳ ಪಾಠ ಹೇಳಿಸಿಕೊಂಡರು. ಅನಂತರ 1880ರಲ್ಲಿ ಕುಂಭಕೋಣದ ಸರ್ಕಾರಿ ಕಾಲೇಜಿನಲ್ಲಿ ತಮಿಳು ಪಂಡಿತರ ಹುದ್ದೆ ದೊರೆಯಿತು. ಕಲಿಯತಕ್ಕದ್ದನ್ನೆಲ್ಲ ಕಲಿತಾಯಿತೆಂಬ ತೃಪ್ತಿ ಅವರಲ್ಲಿದ್ದುದು ಸಹಜವೇ.

ಅದೇ ವರ್ಷ ಸೇಲಂ ರಾಮಸ್ವಾಮಿ ಮೊದಲಿಯಾರ್ ಎಂಬುವರು ಮುನ್ಸೀಫರಾಗಿ ಆ ಊರಿಗೆ ಬಂದರು. ಅಯ್ಯರ್ ಸೌಜನ್ಯದ ಭೇಟಿಗೆಂದು ಹೋದಾಗ, ಏನೇನು ಓದಿದ್ದೀರೆಂದು ಮೊದಲಿಯಾರರು ವಿಚಾರಿಸಿದರು. ಅಯ್ಯರ್ ತಾವು ಓದಿದ ಗ್ರಂಥಗಳ ದೀರ್ಘ ಪಟ್ಟಿಯನ್ನೇ ಒಪ್ಪಿಸಿದರು. ಮೊದಲಿಯಾರರು ಸ್ವಲ್ಪವೂ ಬೆರಗಾಗದೆ, ಇವುಗಳಿಗೆಲ್ಲ ಮೂಲವಾದ ಪ್ರಾಚೀನ ಕಾವ್ಯಗಳನ್ನು ಓದಿರುವಿರಾ ಎಂದು ಕೇಳಿ ಜೀವಕಚಿಂತಾಮಣಿ, ಶಿಲಪ್ಪದಿಕಾರಂ, ಮಣಿಮೇಖಲೈಗಳನ್ನು ಹೆಸರಿಸಿದರು. ಅಯ್ಯರ್ ಓದಿರಲಿಲ್ಲ, ಅವರ ಗುರುಗಳೂ ಅವುಗಳನ್ನು ಪಾಠ ಹೇಳಿರಲಿಲ್ಲ. ಪಂಡಿತರೆನಿಸಿಕೊಂಡವರಿಗೆ ನ್ಯಾಯಾಧಿಕಾರಿಯೊಬ್ಬರು ಕೇಳಿದ ಪ್ರಶ್ನೆಯಿಂದ ಮನಸ್ಸು ನೊಂದಿದ್ದರೂ, ಅಯ್ಯರ್ ಅದನ್ನು ಅವಮಾನವೆಂದು ಬಗೆಯಲಿಲ್ಲ. ಮೊದಲಿಯಾರರು ಕೊಟ್ಟ ಚಿಂತಾಮಣಿಯ ಪ್ರತಿಯನ್ನು ಮನೆಗೆ ತಂದು ಓದಲು ಕುಳಿತರು. ಇಪ್ಪತ್ತೈದರ ಹರೆಯದಲ್ಲಿ ಅವರ ಎರಡನೆಯ ವಿದ್ಯಾಭ್ಯಾಸ ಪ್ರಾರಂಭವಾಯಿತು.

ಚಿಂತಾಮಣಿಯು ತಿರುತ್ತಕ್ಕದೇವರೆಂಬ ಜೈನ ಕವಿಯ ಕೃತಿ. ಶೈವ ಸಂಪ್ರದಾಯದಲ್ಲಿ ಬೆಳೆದ ಅಯ್ಯರ್ ಅವರಿಗೆ ಅದರಲ್ಲಿನ ಮತಸಂಬಂಧವಾದ ಪರಿಭಾಷೆ ಅರ್ಥವಾಗಲಿಲ್ಲ. ಕುಂಭಕೋಣದಲ್ಲಿದ್ದ ಜೈನ ಗೃಹಸ್ಥರ ಮನೆಗೆ ಹೋದಾಗ ಅಲ್ಲೊಂದು ವಿಸ್ಮಯ ಕಾದಿತ್ತು. ಪಂಡಿತ ಮಂಡಲಿಯು ಮರೆತಿದ್ದ ಆ ಕಾವ್ಯವನ್ನು ಆ ಕೆಲವೇ ಕುಟುಂಬಗಳು ಶ್ರದ್ಧೆಯಿಂದ ಪಾರಾಯಣ ಮಾಡುತ್ತ ಬಂದಿದ್ದವು! ಅಯ್ಯರ್ ಸಂಕೋಚಪಡದೆ ಅವರಲ್ಲಿ ಶಿಷ್ಯರಂತೆ ಕುಳಿತು, ಸಂದೇಹಗಳನ್ನು ಒಂದೊಂದಾಗಿ ಪರಿಹರಿಸಿಕೊಂಡರು. ಮುಂದೆ ಬೌದ್ಧಕಾವ್ಯವಾದ ಮಣಿಮೇಖಲೈಯನ್ನು ಸಂಪಾದಿಸುವಾಗಲೂ ಹೀಗೆಯೇ, ವಿದ್ವಾಂಸರಾದ ರಂಗಾಚಾರ್ಯರ ನೆರವಿನಿಂದ ಬೌದ್ಧಮತದ ತತ್ತ್ವಗಳನ್ನು ತಿಳಿದುಕೊಂಡರು.

ಸಂಪಾದನೆಯ ಕಾರ್ಯ ಸುಲಭದ್ದಾಗಿರಲಿಲ್ಲ. ತಮಿಳಿನ ಹಳೆಯ ಓಲೆಗಳಲ್ಲಿ ವ್ಯಂಜನದ ಮೇಲೆ ಚುಕ್ಕಿಯಿಡುವ ರೂಢಿಯಿಲ್ಲ. ಎಕಾರ ಒಕಾರಗಳು ಹ್ರಸ್ವವೋ ದೀರ್ಘವೋ ತಿಳಿಯದು. ಪದ್ಯವೆಲ್ಲಿ ಮುಗಿಯಿತು, ವ್ಯಾಖ್ಯಾನವೆಲ್ಲಿ ತೊಡಗಿತು ಎಂಬುದೂ ಸ್ಪಷ್ಟವಿಲ್ಲ. ಹಲವು ಪ್ರತಿಗಳನ್ನು ಕೂಡಿಸಿ, ಪಾಠಾಂತರಗಳನ್ನು ಗುರುತಿಸಿಕೊಂಡು, ಶುದ್ಧಪಾಠವನ್ನು ನಿರ್ಣಯಿಸಬೇಕಾಗಿತ್ತು. ಪ್ರತಿಗಳಿಗಾಗಿ ಊರೂರು ಅಲೆದರು. ರೈಲು ಇದ್ದಲ್ಲಿ ರೈಲು, ಇಲ್ಲದಲ್ಲಿ ಎತ್ತಿನ ಗಾಡಿ, ಅದೂ ಇಲ್ಲದಲ್ಲಿ ಕಾಲುನಡಿಗೆ. ಮುದ್ರಣಕ್ಕೆ ಹಣವಿಲ್ಲದೆ ಸಹೃದಯರಿಂದ ಮುಂಗಡ ಸಹಾಯ ಪಡೆದರು. ಕೊನೆಗೆ 1887ರಲ್ಲಿ ಜೀವಕಚಿಂತಾಮಣಿ ಪ್ರಕಟವಾಯಿತು. ಅದೇ ವರ್ಷ ಯಾಳ್ಪಾಣದ ದಾಮೋದರಂ ಪಿಳ್ಳೆಯವರು ಕಲಿತ್ತೊಗೈಯನ್ನು ಅಚ್ಚು ಮಾಡಿಸಿದ್ದನ್ನೂ ಇಲ್ಲಿ ಸ್ಮರಿಸಬೇಕು. ಈ ಮಹತ್ಕಾರ್ಯದಲ್ಲಿ ಅಯ್ಯರ್ ಒಬ್ಬರೇ ಇರಲಿಲ್ಲ.

ಚಿಂತಾಮಣಿಯ ವ್ಯಾಖ್ಯಾನಕಾರರಾದ ನಚ್ಚಿನಾರ್ಕಿನಿಯರ್, ಗ್ರಂಥದ ಹೆಸರು ಹೇಳದೆಯೇ ಅನೇಕ ಪ್ರಾಚೀನ ಪದ್ಯಗಳನ್ನು ಉದಾಹರಿಸಿದ್ದರು. ಅವುಗಳ ಮೂಲವನ್ನು ಅರಸುತ್ತ ಹೋದ ಅಯ್ಯರ್ ಅವರಿಗೆ, ತಾವು ವರ್ಷಗಟ್ಟಲೆ ಪಾಠ ಕಲಿತ ತಿರುವಾವಡುದುರೈ ಮಠದ ಓಲೆಗಳ ಕಟ್ಟುಗಳಲ್ಲೇ ಸಂಘಕಾಲದ ಸಾಹಿತ್ಯವು ದೊರೆಯಿತು! ಮಠವು ಗ್ರಂಥಗಳನ್ನು ಕಾಪಾಡಿತ್ತು. ಆದರೆ ಬಿಚ್ಚಿ ಓದುವವರಿರಲಿಲ್ಲ. ಪತ್ತುಪ್ಪಾಟ್ಟು 1889ರಲ್ಲಿ, ಶಿಲಪ್ಪದಿಕಾರಂ 1892ರಲ್ಲಿ, ಪುರನಾನೂರು 1894ರಲ್ಲಿ, ಮಣಿಮೇಖಲೈ 1898ರಲ್ಲಿ ಕ್ರಮವಾಗಿ ಹೊರಬಂದವು. ಮೊದಲ ಪ್ರಶ್ನೆಯನ್ನು ಕೇಳಿದ ಮೊದಲಿಯಾರರು 1892ರಲ್ಲೇ ತೀರಿಕೊಂಡರು.

ಎಲ್ಲೆಡೆಯೂ ಇಂತಹ ಭಾಗ್ಯವಿರಲಿಲ್ಲ. ತಿರುನೆಲ್ವೇಲಿಯ ಪ್ರಾಂತದಲ್ಲಿ ಆಡಿ ತಿಂಗಳ ಹದಿನೆಂಟರಂದು ಹಳೆಯ ಓಲೆಗಳನ್ನು ಪೂಜ್ಯಭಾವದಿಂದಲೇ ನದಿಗೆ ಬಿಟ್ಟಿದ್ದರು. ಕರಿವಲಂವಂದನಲ್ಲೂರಿನ ದೇವಾಲಯದಲ್ಲಿ ಶಿಥಿಲವಾದ ಓಲೆಗಳನ್ನು, ಆಗಮದ ವಿಧಿಯೆಂದು ತುಪ್ಪದಲ್ಲಿ ಅದ್ದಿ ಹೋಮಾಗ್ನಿಗೆ ಸಮರ್ಪಿಸಿಬಿಟ್ಟಿದ್ದರು. ಇದನ್ನು ಕೇಳಿ ಅಯ್ಯರ್ ಪಟ್ಟ ದುಃಖ ಅಪಾರ. ನಾಶ ಮಾಡಿದವರು ನಾಸ್ತಿಕರಲ್ಲ, ಭಕ್ತರೇ ಎಂಬುದನ್ನು ನಾವು ಗಮನಿಸಬೇಕು.

1903ರಲ್ಲಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿಗೆ ವರ್ಗವಾಗಿ ಬಂದ ಅಯ್ಯರ್ ಅವರಿಗೆ 1906ರಲ್ಲಿ ಮಹಾಮಹೋಪಾಧ್ಯಾಯ ಪದವಿಯೂ, 1932ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗೌರವ ಡಾಕ್ಟರೇಟೂ ಸಂದವು. ನಿವೃತ್ತಿಯು ಅವರಿಗೆ ವಿಶ್ರಾಂತಿಯಾಗಲಿಲ್ಲ. ಕುರುಂದೊಗೈಯನ್ನು ಪ್ರಕಟಿಸಿದಾಗ, ಅಂದರೆ 1937ರಲ್ಲಿ, ಅವರಿಗೆ 82 ವರ್ಷ. ಯುದ್ಧಭೀತಿಯಿಂದ ನಗರವನ್ನು ತೊರೆದು ತಿರುಕ್ಕಳುಕುಂಡ್ರಂ ಕ್ಷೇತ್ರದಲ್ಲಿದ್ದಾಗ, 1942ರ ಏಪ್ರಿಲ್ 28ರಂದು ದೇಹತ್ಯಾಗ ಮಾಡಿದರು. ಆತ್ಮಕಥೆ ಅಪೂರ್ಣವಾಗಿಯೇ ಉಳಿಯಿತು. ಅವರ ಸಂಗ್ರಹವನ್ನು ಕಾಪಾಡಲು 1943ರಲ್ಲಿ ಸ್ಥಾಪಿತವಾದ ಗ್ರಂಥಾಲಯವು ಚೆನ್ನೈನ ಬೆಸೆಂಟ್ ನಗರದಲ್ಲಿದೆ.

ನಮ್ಮ ಕನ್ನಡನಾಡಿಗೂ ಇಂತಹ ಭಾಗ್ಯ ಒದಗಿದ್ದುಂಟು. ತಂಜಾವೂರು ಸೀಮೆಯ ಪಂಡಿತರೊಬ್ಬರು ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ಕೊಟ್ಟ ಪ್ರತಿಯಿಂದಲೇ ರುದ್ರಪಟ್ಟಣ ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು 1909ರಲ್ಲಿ ಪ್ರಕಟಿಸಿದರು.

ಇನ್ನು ನಮ್ಮ ಮನೆಯ ಮಾತನ್ನು ಮರೆಮಾಡದೆ ಹೇಳುತ್ತೇವೆ. ರೈಲ್ವೆ ಸೇವೆಯ ನಿಮಿತ್ತ ನಾವು ಪರಪ್ರಾಂತದಲ್ಲಿದ್ದಾಗ, ಊರಿನ ಹಳೆಯ ಮನೆಯನ್ನು ಮಾರುವ ಸಂದರ್ಭ ಬಂದಿತು. ಅಟ್ಟದ ಮೇಲಿದ್ದ ಓಲೆಗಳ ಕಟ್ಟನ್ನು ಏನು ಮಾಡಬೇಕೆಂದು ಮನೆಯವರು ಪತ್ರ ಬರೆದು ಕೇಳಿದರು. ನದಿಗೆ ಬಿಡಿರೆಂದು ಉತ್ತರ ಬರೆದವರು ನಾವೇ. ಅದರಲ್ಲಿ ಏನಿತ್ತೆಂದು ಇನ್ನು ತಿಳಿಯುವಂತಿಲ್ಲ. ಸಂಸ್ಕೃತವನ್ನು ಓದಿದ್ದೂ ಒಮ್ಮೆ ಬಿಚ್ಚಿ ನೋಡಬೇಕೆಂದು ನಮಗೆ ತೋಚಲಿಲ್ಲ.

ಆದುದರಿಂದ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೇ. ಊರಿನ ಮನೆಯಲ್ಲಿ ಹಳೆಯ ಗ್ರಂಥವಿದ್ದರೆ ನೀರಿಗೆ ಬಿಡದೆ, ಬಲ್ಲವರಿಗೆ ತೋರಿಸಿರಿ. ಪರಸ್ಥಳದಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳಲ್ಲಿ ಅನೇಕರು ಕನ್ನಡವನ್ನು ಮಾತನಾಡಬಲ್ಲರು, ಓದಲಾರರು. ಅವರಿಗೆ ಅಕ್ಷರ ಕಲಿಸಿ, ದಿನಕ್ಕೊಂದು ಪುಟವನ್ನಾದರೂ ಮನೆಯಲ್ಲಿ ಗಟ್ಟಿಯಾಗಿ ಓದಿಸಿರಿ. ಮಹಾಕಾವ್ಯವೊಂದಕ್ಕೆ ಜೀವ ಉಳಿದಿದ್ದು ಕುಂಭಕೋಣದ ಕೆಲವು ಮನೆಗಳಲ್ಲಿ ಅದನ್ನು ಓದುತ್ತಿದ್ದುದರಿಂದಲ್ಲವೇ?