ಗ್ರಂಥಾಲಯದ ಗಣಿತಜ್ಞ: ಡಾ. ಎಸ್. ಆರ್. ರಂಗನಾಥನ್

ಗ್ರಂಥ ಬರೆದವರನ್ನು ಲೋಕ ನೆನೆಯುತ್ತದೆ. ಬರೆದ ಗ್ರಂಥವನ್ನು ಬೇಕಾದವನ ಕೈಗೆ ಮುಟ್ಟಿಸಿದವರನ್ನು ನೆನೆಯುವವರು ವಿರಳ. ಭಂಡಾರದಲ್ಲಿ ಲಕ್ಷ ಪುಸ್ತಕಗಳಿದ್ದರೂ, ಬೇಕಾದ ಒಂದು ಪುಸ್ತಕ ಬೇಕಾದ ಹೊತ್ತಿಗೆ ಸಿಕ್ಕದಿದ್ದರೆ ಆ ಸಂಪತ್ತು ಹೂತಿಟ್ಟ ಹೊನ್ನಿಗೆ ಸಮಾನವೇ ಸರಿ. ಇದನ್ನು ಮನಗಂಡು, ತಮ್ಮ ಬಾಳಿನ ಸುಮಾರು ಅರ್ಧ ಶತಮಾನವನ್ನು ಇದರ ಪರಿಹಾರಕ್ಕಾಗಿಯೇ ಸವೆಸಿದ ಮಹನೀಯರು ಡಾ. ಶಿಯಾಳಿ ರಾಮಾಮೃತ ರಂಗನಾಥನ್‌ರವರು. ಅವರು ತಮ್ಮ ಕೊನೆಯ ಹದಿನೈದು ವರ್ಷಗಳನ್ನು ಕಳೆದುದು ನಮ್ಮ ಯಶವಂತಪುರದ ನೆರೆಯ ಮಲ್ಲೇಶ್ವರದಲ್ಲಿ ಎಂಬುದು ನಮ್ಮಲ್ಲಿ ಎಷ್ಟು ಮಂದಿಗೆ ತಿಳಿದಿದೆ?

ರಂಗನಾಥನ್‌ರವರು ಹುಟ್ಟಿದುದು 1892ನೆಯ ಆಗಸ್ಟ್ ತಿಂಗಳಲ್ಲಿ, ತಂಜಾವೂರು ಜಿಲ್ಲೆಯ ಶಿಯಾಳಿಯಲ್ಲಿ. ಆರನೆಯ ವಯಸ್ಸಿಗೇ ತಂದೆಯನ್ನು ಕಳೆದುಕೊಂಡರು. ಮಾತಿನಲ್ಲಿ ತೊದಲೂ ಇದ್ದಿತು. ಆದರೂ ಮದರಾಸಿನ ಕ್ರಿಶ್ಚಿಯನ್ ಕಾಲೇಜಿನಲ್ಲಿ ಓದಿ, ಗಣಿತದಲ್ಲಿ ಎಂ.ಎ. ಪದವಿಯನ್ನು ಪಡೆದರು. 1917ರಲ್ಲಿ ಅವರು ಅಧ್ಯಾಪಕರಾಗಿ ಸೇರಿದುದು ಮಂಗಳೂರಿನ ಸರ್ಕಾರಿ ಕಾಲೇಜಿಗೆ. ತೊದಲುವ ನಾಲಗೆಯವರು ಸರ್ಕಾರಿ ಕಾಲೇಜೊಂದರಲ್ಲಿ ಪಾಠ ಹೇಳಲು ನಿಂತರೆಂಬುದೇ ನಮ್ಮಂಥವರಿಗೆ ಧೈರ್ಯ ಕೊಡುವ ಸಂಗತಿ. ಮುಂದೆ ಕೊಯಮತ್ತೂರಿನಲ್ಲಿಯೂ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿಯೂ ಗಣಿತವನ್ನೇ ಬೋಧಿಸಿದರು.

1924ರ ಜನವರಿಯಲ್ಲಿ ಅವರ ಬಾಳು ತಿರುವು ಪಡೆಯಿತು. ಮದರಾಸು ವಿಶ್ವವಿದ್ಯಾನಿಲಯವು ಅವರನ್ನು ತನ್ನ ಪ್ರಥಮ ಗ್ರಂಥಪಾಲಕರನ್ನಾಗಿ ನೇಮಿಸಿತು. ವಿದ್ಯಾರ್ಥಿಗಳ ಕಲಕಲದಲ್ಲಿ ಬೆಳೆದ ಮನಸ್ಸಿಗೆ ಆ ಕೊಠಡಿಯ ಏಕಾಂತ ಸಹಿಸಲಾಗಲಿಲ್ಲ. ಕೆಲವೇ ದಿನಗಳಲ್ಲಿ ತಮ್ಮನ್ನು ಪುನಃ ಪಾಠಕ್ಕೆ ಕರೆಸಿಕೊಳ್ಳಬೇಕೆಂದು ಬೇಡಿಕೊಂಡರು. ಇಂಗ್ಲೆಂಡಿನಲ್ಲಿ ಗ್ರಂಥಾಲಯ ವಿದ್ಯೆಯನ್ನು ಕಲಿತು ಬರಲಿ, ಆಮೇಲೂ ಮನಸ್ಸು ಒಗ್ಗದಿದ್ದರೆ ಹಿಂದಿರುಗಲಿ ಎಂದು ತೀರ್ಮಾನವಾಯಿತು. ಹೋದವರು ಹಿಂದಿರುಗಿದುದು ಗ್ರಂಥಾಲಯಕ್ಕೇ!

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಅವರು ಓದುತ್ತಿದ್ದಾಗ ಗ್ರಂಥಾಲಯಗಳಲ್ಲಿ ಹೆಚ್ಚಾಗಿ ನಡೆಯುತ್ತಿದ್ದುದು ಅಮೆರಿಕದ ಮೆಲ್ವಿಲ್ ಡ್ಯೂಯಿ 1876ರಲ್ಲಿ ರಚಿಸಿದ ದಶಾಂಶ ಪದ್ಧತಿ. ಅದರಲ್ಲಿ ಒಂದೊಂದು ವಿಷಯಕ್ಕೂ ಮೊದಲೇ ಗೊತ್ತುಮಾಡಿದ ಗೂಡು. ಹೊಸ ವಿಷಯ ಹುಟ್ಟಿದರೆ ಅದನ್ನು ಎಲ್ಲಿ ಕೂರಿಸಬೇಕು? ಈ ಚಿಂತೆಯಲ್ಲಿದ್ದ ರಂಗನಾಥನ್‌ರವರು ಒಂದು ದಿನ ಸೆಲ್‌ಫ್ರಿಜಸ್ ಎಂಬ ದೊಡ್ಡ ಅಂಗಡಿಯಲ್ಲಿ ಮೆಕ್ಯಾನೋ ಎಂಬ ಆಟಿಕೆಯನ್ನು ಕಂಡರು. ಅವೇ ಪಟ್ಟಿ, ಗಾಲಿ, ತಿರುಪುಗಳು. ಜೋಡಿಸುವ ಕ್ರಮ ಬೇರೆಯಾದಂತೆ ಬೇರೆ ಬೇರೆ ಬೊಂಬೆಗಳು! ವಿಷಯಗಳನ್ನೂ ಹೀಗೆಯೇ ಬಿಡಿಭಾಗಗಳಿಂದ ಕಟ್ಟಬಾರದೇಕೆ ಎಂಬ ಭಾವನೆ ಮೂಡಿತು. ಅದು ಬೆಳೆದು 1933ರಲ್ಲಿ ಕೋಲನ್ ವರ್ಗೀಕರಣವೆಂಬ ಗ್ರಂಥವಾಗಿ ಹೊರಬಂದಿತು. ಬಿಡಿಭಾಗಗಳನ್ನು ಕೂಡಿಸುವ ತಿರುಪಿನ ಕೆಲಸವನ್ನು ಕೋಲನ್ ಎಂಬ ಎರಡು ಚುಕ್ಕಿಯ ಚಿಹ್ನೆಗೆ ಕೊಟ್ಟುದರಿಂದ ಆ ಹೆಸರು.

ಇದು ಪಂಡಿತರಿಗೆ ಮಾತ್ರ ತಿಳಿಯುವ ಮಾತೆಂದು ಭಾವಿಸಬೇಕಾಗಿಲ್ಲ. ನನ್ನ ತಂದೆಯವರು ಯಶವಂತಪುರದ ಮಂಡಿಯಲ್ಲಿ ಮೂಟೆ ಹೊತ್ತವರು. ಶಾಲೆಯ ಓದು ಅವರಿಗೆ ಒದಗಲಿಲ್ಲ. ಆದರೆ ಈರುಳ್ಳಿಯ ಮೂಟೆಯನ್ನು ನೋಡಿದೊಡನೆ ದಪ್ಪವೋ ಸಣ್ಣದೋ, ಚಿತ್ರದುರ್ಗದ್ದೋ ನಾಸಿಕದ್ದೋ, ಹೊಸದೋ ಹಳೆಯದೋ ಎಂದು ಬೇರೆ ಬೇರೆಯಾಗಿ ಹೇಳಬಲ್ಲರು. ಒಂದು ಮೂಟೆಗೆ ಹಲವು ಮುಖ. ಯಾವ ಮುಖದಿಂದ ಕೇಳಿದರೂ ಮೂಟೆ ಸಿಕ್ಕಬೇಕು. ರಂಗನಾಥನ್‌ರವರು ಸಮಸ್ತ ಜ್ಞಾನಕ್ಕೂ ಇಂಥ ಐದು ಮುಖಗಳನ್ನು ಗುರುತಿಸಿದರು: ವ್ಯಕ್ತಿತ್ವ, ದ್ರವ್ಯ, ಶಕ್ತಿ, ದೇಶ, ಕಾಲ. ಭಾರತದಲ್ಲಿ 1950ರಲ್ಲಿ ಶ್ವಾಸಕೋಶದ ಕ್ಷಯಕ್ಕೆ ಎಕ್ಸ್-ರೇ ಚಿಕಿತ್ಸೆಯ ಬಗ್ಗೆ ನಡೆದ ಸಂಶೋಧನೆ ಎಂಬ ವಿಷಯವನ್ನು ತೆಗೆದುಕೊಳ್ಳಿ. ಅವರ ಪದ್ಧತಿಯಲ್ಲಿ ಶ್ವಾಸಕೋಶಕ್ಕೆ 45, ಕ್ಷಯಕ್ಕೆ 421, ಭಾರತಕ್ಕೆ 44 ಎಂದು ಅಂಗಾಂಗಗಳು ಕೂಡಿ, ವಿಷಯದ ಇಡೀ ಅರ್ಥವೇ ಸಂಖ್ಯೆಯಾಗಿ ನಿಲ್ಲುತ್ತದೆ.

ಆದರೆ ಪದ್ಧತಿ ಎಷ್ಟು ಸೂಕ್ಷ್ಮವಾದರೇನು, ಓದುಗನಿಗೆ ಉಪಯೋಗವಾಗದಿದ್ದರೆ? 1931ರಲ್ಲಿಯೇ ಅವರು ಗ್ರಂಥಾಲಯಶಾಸ್ತ್ರದ ಐದು ಸೂತ್ರಗಳನ್ನು ಪ್ರಕಟಿಸಿದ್ದರು. ಪುಸ್ತಕವಿರುವುದು ಬಳಕೆಗೆ, ಬೀಗಕ್ಕಲ್ಲ ಎಂಬುದು ಅವುಗಳ ತಿರುಳು. ಓದುಗನ ಸಮಯ ಹಾಳಾಗಬಾರದೆಂಬುದು ಅವುಗಳಲ್ಲೊಂದು. ಓದುಗರು ತಾವೇ ಕಪಾಟಿನ ಬಳಿ ಹೋಗಿ ಪುಸ್ತಕ ತೆಗೆದು ನೋಡುವಂತಿರಬೇಕೆಂದು ಅವರು ವಾದಿಸಿದರು. ಈ ಸೂತ್ರದ ಬೆಲೆ ನನ್ನಂಥವನಿಗೆ ಚೆನ್ನಾಗಿ ಗೊತ್ತು. ನಮ್ಮ ಮನೆಯಲ್ಲಿ ಪದವಿ ತರಗತಿಯ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಬೇಕಾದ ಪುಸ್ತಕದ ಹೆಸರಾಗಲಿ ಕರ್ತೃವಿನ ಹೆಸರಾಗಲಿ ತಿಳಿಸಿಕೊಡುವವರು ಮನೆಯಲ್ಲಿಲ್ಲ. ಹೆಸರು ಹೇಳಿದರೆ ಮಾತ್ರ ಪುಸ್ತಕವೆನ್ನುವ ಕಡೆ ಇಂಥವನು ಬರಿಗೈಯಲ್ಲಿ ಮರಳಬೇಕಾಗುತ್ತದೆ. ತನಗೆ ತಿಳಿದಷ್ಟು ಮುಖದಿಂದಲೇ ಹುಡುಕಲು ಆಸ್ಪದವಿದ್ದರೆ ಅವನೂ ದಡ ಸೇರುತ್ತಾನೆ.

ಮದರಾಸಿನ ಬಳಿಕ ಅವರು 1945ರಿಂದ 1947ರ ವರೆಗೆ ಕಾಶಿಯ ಹಿಂದೂ ವಿಶ್ವವಿದ್ಯಾನಿಲಯದಲ್ಲಿಯೂ, ಅನಂತರ ದೆಹಲಿಯಲ್ಲಿಯೂ ಸೇವೆ ಸಲ್ಲಿಸಿದರು. ಕಾಶಿಯಲ್ಲಿ ಸುಮಾರು ಲಕ್ಷ ಗ್ರಂಥಗಳ ವರ್ಗೀಕರಣವನ್ನು ಬಹುಮಟ್ಟಿಗೆ ಒಬ್ಬರೇ ನಿರ್ವಹಿಸಿದರು. ತಮ್ಮ ಉಳಿತಾಯದ ಒಂದು ಲಕ್ಷ ರೂಪಾಯಿಗಳನ್ನು ಮದರಾಸು ವಿಶ್ವವಿದ್ಯಾನಿಲಯಕ್ಕೆ ದಾನವಿತ್ತು, ಪತ್ನಿ ಶಾರದಾ ಅವರ ಹೆಸರಿನಲ್ಲಿ ಪ್ರಾಧ್ಯಾಪಕ ಪೀಠವನ್ನು ನಿಲ್ಲಿಸಿದರು. ಕೆಲಕಾಲ ಜ್ಯೂರಿಕ್‌ನಲ್ಲಿದ್ದು, 1957ರಲ್ಲಿ ಬೆಂಗಳೂರಿಗೆ ಬಂದು ನೆಲೆಸಿದರು. ಆ ವರ್ಷವೇ ಪದ್ಮಶ್ರೀ ಪ್ರಶಸ್ತಿ ಲಭಿಸಿತು. ವಿಶ್ರಾಂತಿಯ ವಯಸ್ಸಿನಲ್ಲಿ ಅವರು ವಿಶ್ರಮಿಸಲಿಲ್ಲ. 1962ರಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಆಶ್ರಯದಲ್ಲಿ ಇಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಸ್ಥಾಪಿಸಿದರು. ನಮ್ಮ ರಾಜ್ಯದ 1965ರ ಸಾರ್ವಜನಿಕ ಗ್ರಂಥಾಲಯ ಶಾಸನಕ್ಕೂ ಅವರ ದುಡಿಮೆಯೇ ಪ್ರೇರಣೆ. ತೆರಿಗೆಯೊಡನೆ ಗ್ರಂಥಾಲಯ ಕರವನ್ನು ಕೂಡಿಸಿ, ಊರೂರಿಗೆ ವಾಚನಾಲಯವನ್ನು ತಂದ ಶಾಸನ ಅದು. 1965ರಲ್ಲಿ ರಾಷ್ಟ್ರೀಯ ಸಂಶೋಧನಾ ಪ್ರಾಧ್ಯಾಪಕರಾದ ಅವರು 1972ನೆಯ ಸೆಪ್ಟೆಂಬರ್ 27ರಂದು ಬೆಂಗಳೂರಿನಲ್ಲಿಯೇ ಕಾಲವಾದರು.

ಅವರ ಪದ್ಧತಿಯಲ್ಲಿ ಕುಂದಿಲ್ಲವೆಂದು ನಾನು ಹೇಳಲಾರೆ. ಅದರ ಸಂಖ್ಯೆಗಳು ಉದ್ದ, ಚಿಹ್ನೆಗಳು ಹಲವು. ಪುಸ್ತಕದ ಬೆನ್ನಿನ ಚೀಟಿಯಲ್ಲಿ ಓದಿಕೊಳ್ಳುವುದು ಸಾಮಾನ್ಯನಿಗೆ ಕಷ್ಟ. ಆದ್ದರಿಂದಲೇ ಇಂದಿಗೂ ಹೆಚ್ಚಿನ ಗ್ರಂಥಾಲಯಗಳಲ್ಲಿ ಡ್ಯೂಯಿಯ ಪದ್ಧತಿಯೇ ನಡೆದಿದೆ. ಆದರೆ ಚೀಟಿಯ ಮೇಲೆ ಸೋತ ತತ್ತ್ವ ಕಂಪ್ಯೂಟರಿನೊಳಗೆ ಗೆದ್ದಿತು. ಮೊಬೈಲಿನಲ್ಲಿ ಅಂಗಿ ಕೊಳ್ಳುವಾಗ ಬಣ್ಣ, ಅಳತೆ, ಬೆಲೆಗಳನ್ನು ಬೇರೆ ಬೇರೆಯಾಗಿ ಆರಿಸುತ್ತೇವಲ್ಲವೆ? ಅದು ಮುಖಗಳ ವರ್ಗೀಕರಣವೇ. ಹೆಬ್ಬಾಳದ ಸುತ್ತಣ ಸಾಫ್ಟ್‌ವೇರ್ ಕಚೇರಿಗಳಿಗೂ ಈ ವಿದ್ಯೆ ಹೊರತಲ್ಲ. ಮಾಹಿತಿಯನ್ನು ಬರಿಯ ಅಕ್ಷರಗಳ ರಾಶಿಯಾಗಿ ಸುರಿಯದೆ, ಇದು ವಸ್ತು, ಇದು ಊರು, ಇದು ಕಾಲ, ಇದಕ್ಕೂ ಅದಕ್ಕೂ ಇಂಥ ಸಂಬಂಧ ಎಂದು ಅರ್ಥಸಹಿತವಾಗಿ ಹೆಣೆಯುವಾಗ ಇಂದಿನವರು ಎದುರಿಸುವ ಪ್ರಶ್ನೆಗಳು ರಂಗನಾಥನ್‌ರವರ ಪ್ರಶ್ನೆಗಳೇ.

ಇದರಿಂದ ನಾವು ಕಲಿಯತಕ್ಕ ಪಾಠ ಒಂದೇ. ವ್ಯವಸ್ಥೆಯೊಳಗಿನ ಜಟಿಲತೆಯನ್ನು ಕಟ್ಟುವವನು ಹೊರಬೇಕು; ಕೇಳಲು ಬಂದವನ ತಲೆಯ ಮೇಲೆ ಹೇರಬಾರದು. ಯಂತ್ರ ಎಷ್ಟು ಬಲ್ಲದೆಂಬುದಕ್ಕಿಂತ, ಏನೂ ಅರಿಯದೆ ಬಂದವನಿಗೆ ಅದು ದಾರಿ ತೋರುತ್ತದೆಯೇ ಎಂಬುದೇ ಮುಖ್ಯ. ನಾಳೆ ನಮ್ಮಲ್ಲಿ ಯಾರು ಗುಮಾಸ್ತರಾಗುವರೋ, ಅಧ್ಯಾಪಕರಾಗುವರೋ, ಕಂಪ್ಯೂಟರಿನ ಮುಂದೆ ಕೂರುವರೋ ಹೇಳಬಲ್ಲವರಾರು? ಎಲ್ಲಿಯೇ ಕುಳಿತರೂ, ಮೇಜಿನ ಆಚೆ ಬದಿಗೆ ಬಂದು ನಿಂತವನ ಹೊತ್ತು ಹಾಳಾಗದಂತೆ ನೋಡಿಕೊಂಡರೆ, ಆ ಮಹನೀಯರಿಗೆ ಸಲ್ಲಿಸುವ ಗೌರವ ಅದೇ.