ಉತ್ತಂಗಿ ಚನ್ನಪ್ಪನವರು ಓದಿದ ರೀತಿ

ನಮ್ಮ ಕೂಡಲಸಂಗಮದಲ್ಲಿ 12ನೇ ಶತಮಾನದ ಶರಣರ ಮಾತಿಗೆ ಅರ್ಥ ಕೇಳೋಕೆ ಯಾರೂ ನಾಚೋದಿಲ್ಲ. ಅದು ಕನ್ನಡವೇ! ಇಬ್ರಿಯ, ಗ್ರೀಕ್ ಭಾಷೆಯಲ್ಲಿ ಬರೆದ ಸತ್ಯವೇದಕ್ಕೆ ಮಾತ್ರ ವ್ಯಾಖ್ಯಾನ ಗ್ರಂಥ ಬೇಡ, ಪವಿತ್ರಾತ್ಮ ಸಾಕು ಅಂತೀವಿ. ನಾನೂ ಬಹಳ ವರ್ಷ ಹಾಗೇ ಅಂದವನು.

ಅದಕ್ಕೇ ಇವತ್ತು ಉತ್ತಂಗಿ ಚನ್ನಪ್ಪನವರ ಜೀವನ ಹೇಳ್ತೀನಿ. 1881ರಲ್ಲಿ ಹುಟ್ಟಿದರು. ಮಂಗಳೂರಿನ ಬಾಸೆಲ್ ಮಿಶನ್ ದೇವಜ್ಞಾನ ಶಾಲೆಯಲ್ಲಿ ಕಲಿತು ಸಭಾಪಾಲಕರಾದರು. ಆಗ ಸರ್ವಜ್ಞನ ತ್ರಿಪದಿಗಳು ಜನರ ಬಾಯಲ್ಲಿ, ಓಲೆಗರಿಯಲ್ಲಿ ಚದುರಿದ್ದವು. ಒಂದೊಂದು ಕಡೆ ಒಂದೊಂದು ಪಾಠ. ಊರೂರು ತಿರುಗಿ ಕೂಡಿಸಿದರು, ಹೋಲಿಸಿ ನೋಡಿದರು, 1924ರಲ್ಲಿ ಪುಸ್ತಕ ತಂದರು. ಆಮೇಲೆ ಬಸವಣ್ಣನವರ ಅನುಭವ ಮಂಟಪದ ಇತಿಹಾಸವನ್ನೂ ಶೋಧಿಸಿ ಬರೆದರು. ಪಾದ್ರಿಯೊಬ್ಬರು, ನೋಡ್ರಿ! 1949ರ ಕಲಬುರಗಿ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. 1962ರಲ್ಲಿ ತೀರಿಹೋದರು.

ಪದ, ಪಾಠ, ಕಾಲ ಹೋಲಿಸಿ ನೋಡೋದು. ವ್ಯಾಖ್ಯಾನಕಾರರು ನಮಗೋಸ್ಕರ ಮಾಡಿಟ್ಟದ್ದೂ ಇದೇ ಕೆಲಸ. ಒಂದು ತ್ರಿಪದಿಗೆ ಅವರು ಪಟ್ಟ ಕಷ್ಟ, ದೇವರ ಒಂದು ವಾಕ್ಯಕ್ಕೆ ನಾವು ಪಡ್ತೀವೇನ್ರಿ? ಐಥಿಯೋಪ್ಯದ ಕಂಚುಕಿ ರಥದಲ್ಲಿ ಕೂತು ಯೆಶಾಯನ ಗ್ರಂಥ ಓದ್ತಿದ್ದ, ಅರ್ಥ ಆಗಲಿಲ್ಲ. ಆಗ ಫಿಲಿಪ್ಪನನ್ನು ಆ ರಥದ ಹತ್ತಿರಕ್ಕೆ ಕಳಿಸಿದ್ದು ಆತ್ಮನೇ. ಅಪೊಸ್ತಲರ ಕೃತ್ಯಗಳು 8ನೇ ಅಧ್ಯಾಯ ತೆಗೀರಿ.